ಕೈ ಎತ್ತಿ ತೀರ್ಮಾನಿಸಿದ ಹೆರಿಗೆ

"ಗುರುಗಳೇ, ಮೊದಲ ಹೆರಿಗೆ ಆಪರೇಷನ್ ಆದವಳು ಎರಡನೆಯದನ್ನು ಸಹಜವಾಗಿ ಹೆರಲು ನೋಡುವುದು ಸರಿಯೋ, ಮತ್ತೆ ಆಪರೇಷನ್ ಮಾಡಿಸುವುದು ಸರಿಯೋ?" ಎಂದು ಬಸವಂತ ಕೇಳಿದ.

ಬಸವಂತ ಮಠದ ಶಿಷ್ಯ, ಊರಿನಲ್ಲಿ ಶಾಲೆಯ ಮೇಷ್ಟ್ರು. ಅವನ ಹೆಂಡತಿ ಎರಡನೆಯ ಸಲ ಬಸುರಿ. ಮನೆಯಲ್ಲಿ ಇದೇ ಮಾತು ಕೇಳಿ ಕೇಳಿ ಅವನಿಗೆ ನಿದ್ದೆ ಕೆಟ್ಟಿತ್ತು.

"ನಾನು ಸನ್ಯಾಸಿ. ಹೆರಿಗೆಯ ವಿಷಯದಲ್ಲಿ ನನ್ನ ಅನುಭವ ಒಂದೇ ಸಲದ್ದು. ಅದೂ ನೆನಪಿಲ್ಲ. ಆದರೆ ಒಂದು ಕತೆ ಗೊತ್ತು, ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಒಳ್ಳೆಯವನು. ಅವನಲ್ಲಿ ಒಂದೇ ದೋಷ. ಕೊನೆಯಲ್ಲಿ ಯಾರು ಮಾತಾಡಿದರೋ ಅವರ ಮಾತೇ ಅವನಿಗೆ ಸರಿ ಕಾಣುತ್ತಿತ್ತು. ಅವನ ಹೆಂಡತಿ ದಾಕ್ಷಾಯಣಿ. ಅವಳ ಮೊದಲ ಹೆರಿಗೆಯಲ್ಲಿ, ನೋವು ಶುರುವಾದ ಮೇಲೆ, ಮಗು ತಲೆ ಮೇಲೆ ಮಾಡಿ ಕುಳಿತಿದೆ ಎಂದು ಗೊತ್ತಾಯಿತು. ವೈದ್ಯರು ವ್ಯಾಪಾರಿಯನ್ನು ಹೊರಗೆ ಕರೆದು ಏನೋ ಹೇಳಿದರು. ಅವನು ತಲೆಯಾಡಿಸಿದ. ಅವಳನ್ನು ಒಳಗೆ ಕರೆದೊಯ್ದರು. ಮಗಳು ಹುಟ್ಟಿದಳು, ಗುಂಡಗೆ ಚೆನ್ನಾಗಿದ್ದಳು. ಆದರೆ ನೋಡಲು ಬಂದವರೆಲ್ಲ ಮಗುವಿನ ಕೆನ್ನೆ ಹಿಂಡಿ, ತಾಯಿಯ ಕಡೆ ತಿರುಗಿ, "ಪಾಪ, ಆಪರೇಷನ್ ಆಯಿತಂತೆ," ಎಂದು ದನಿ ತಗ್ಗಿಸಿ ಹೇಳಿದರು. ಪರೀಕ್ಷೆಯಲ್ಲಿ ನಪಾಸಾದವರ ಮನೆಗೆ ಬಂದವರ ಹಾಗೆ. ಹೊಟ್ಟೆಯ ಗಾಯ ಬೇಗ ಮಾಯಿತು. ಈ 'ಪಾಪ' ಮಾತ್ರ ದಾಕ್ಷಾಯಣಿಯ ಒಳಗೆ ಹಸಿಯಾಗಿಯೇ ಉಳಿಯಿತು. ಅಂದು ಏನಾಯಿತು, ಏಕಾಯಿತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವಳು ಮತ್ತೆ ಗರ್ಭಿಣಿಯಾದಳು. ಸುದ್ದಿ ತಿಳಿದ ದಿನವೇ ಮನೆಯಲ್ಲಿ ಎರಡು ಪಕ್ಷಗಳಾದವು.

ಒಂದು ಪಕ್ಷಕ್ಕೆ ಅವಳ ಅತ್ತೆ ಮುಖಂಡಳು. "ನಿನ್ನ ಗಂಡನನ್ನು ಹೆತ್ತ ದಿನ ಬೆಳಗ್ಗೆ ನಾನು ಸೇರುಗಟ್ಟಲೆ ಅಕ್ಕಿ ಕೇರಿದ್ದೆ. ಹೆಣ್ಣಾದವಳಿಗೆ ಹೆರುವುದೇನು ದೊಡ್ಡ ವಿಷಯ? ಓಡಾಡು, ತಾನಾಗಿ ಆಗುತ್ತದೆ," ಎನ್ನುತ್ತಿದ್ದಳು. ಇನ್ನೊಂದು ಪಕ್ಷಕ್ಕೆ ಅವಳ ಸ್ವಂತ ತಾಯಿ. ಬಾಣಂತನಕ್ಕೆಂದು ತಿಂಗಳುಗಳ ಮೊದಲೇ ಬಂದು ಕುಳಿತಿದ್ದಳು. "ಹೋದ ಸಲ ಎರಡೂ ಕಷ್ಟ ಉಂಡಿದ್ದಾಳೆ, ನೋವೂ ತಿಂದಳು, ಹೊಟ್ಟೆಯೂ ಕೊಯ್ಯಿಸಿಕೊಂಡಳು. ಈ ಸಲ ಒಂದೇ ಸಾಕು. ಒಳ್ಳೆಯ ನಕ್ಷತ್ರ ನೋಡಿ ಆಪರೇಷನ್ ಮಾಡಿಸೋಣ. ಅಲ್ಲಿಯವರೆಗೆ ಮಲಗಿರಲಿ," ಎಂಬುದು ಅವಳ ವಾದ.

ಹೀಗಾಗಿ ಅತ್ತೆ ಬಂದರೆ ದಾಕ್ಷಾಯಣಿ ಎದ್ದು ಓಡಾಡಬೇಕಿತ್ತು, ತಾಯಿ ಬಂದರೆ ಮಲಗಬೇಕಿತ್ತು. ಒಂದು ಮಧ್ಯಾಹ್ನ ಒಂದು ಬಾಗಿಲಿನಿಂದ ಅತ್ತೆ, ಇನ್ನೊಂದು ಬಾಗಿಲಿನಿಂದ ತಾಯಿ ಒಟ್ಟಿಗೇ ಬಂದರು. ಏಳಬೇಕೋ ಮಲಗಬೇಕೋ ತಿಳಿಯದೆ ಅವಳು ಮಂಚದ ಮೇಲೆ ಅರ್ಧ ಎದ್ದು ಹಾಗೆಯೇ ಉಳಿದಳು. "ಸೊಂಟ ಹಿಡಿಯಿತೇ?" ಎಂದು ಇಬ್ಬರೂ ಕೇಳಿದರು. ಅವರು ಒಂದೇ ಮಾತು ಆಡಿದ್ದು ಅದೊಂದೇ ಸಲ.

ವ್ಯಾಪಾರಿ ಬೆಳಗಿನ ತಿಂಡಿ ತಿನ್ನುವಾಗ ಹೆಂಡತಿಯ ತಾಯಿಯ ಪಕ್ಷದಲ್ಲಿರುತ್ತಿದ್ದ. ಮಧ್ಯಾಹ್ನ ತನ್ನ ತಾಯಿ ಬಡಿಸಿದ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಆ ಪಕ್ಷಕ್ಕೆ ಸೇರಿರುತ್ತಿದ್ದ. ಅಂಗಡಿಯಲ್ಲಿ ಗಿರಾಕಿಗಳನ್ನೂ ಕೇಳುತ್ತಿದ್ದ. ಕುಕ್ಕರ್ ಕೊಳ್ಳಲು ಬಂದವರೊಬ್ಬರು ತಮ್ಮ ನಾದಿನಿಯ ಕತೆ ಹೇಳಿ ಹೆದರಿಸಿದರು. ಕುಕ್ಕರ್ ಹಿಂದಿರುಗಿಸಲು ಬಂದ ಇನ್ನೊಬ್ಬರು ತಮ್ಮ ತಂಗಿಯ ಕತೆ ಹೇಳಿ ಧೈರ್ಯ ತುಂಬಿದರು. ಕೊನೆಗೆ ತಲೆ ಕೆಟ್ಟು, ಒಂದು ಭಾನುವಾರ ಅವನು ಹತ್ತಿರದ ಬಂಧುಗಳನ್ನೆಲ್ಲ ಮನೆಗೆ ಕರೆದ. "ಎಲ್ಲರೂ ಕೂತು ಮಾತಾಡಿ ಕೈ ಎತ್ತಿಬಿಡೋಣ. ಹೆಚ್ಚು ಕೈ ಯಾವ ಕಡೆಗೋ ಹಾಗೆಯೇ ಆಗಲಿ," ಎಂದ.

ಬಂದವರಿಗೆ ದಾಕ್ಷಾಯಣಿ ಉಪ್ಪಿಟ್ಟು ಮಾಡಿದಳು. ಚರ್ಚೆ ನಡೆಯಿತು. ಕೈಗಳನ್ನು ಎತ್ತಿಸಿ ನೋಡಿದರೆ ಎರಡೂ ಕಡೆ ಸಮ. ಗೋಡೆಗೆ ಒರಗಿದ್ದ ಚಿಕ್ಕಪ್ಪ ಒಬ್ಬರು ಉಪ್ಪಿಟ್ಟಿನ ನಂತರ ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸಿ ಕೇಳಬೇಕು ಎಂದು ಒಂದು ಪಕ್ಷ ಹೇಳಿತು. ನಿದ್ದೆಗಣ್ಣಿನಲ್ಲಿ ಎತ್ತಿದ ಕೈ ಲೆಕ್ಕಕ್ಕಿಲ್ಲ ಎಂದು ಇನ್ನೊಂದು ಪಕ್ಷ ಹೇಳಿತು. ಅಷ್ಟರಲ್ಲಿ ದಾಕ್ಷಾಯಣಿ ಚಹಾ ತಂದಳು. ಎರಡೂ ಕೈಯಲ್ಲಿ ತಟ್ಟೆ ಹಿಡಿದಿದ್ದರಿಂದ ಅವಳ ಮತವನ್ನು ಯಾರೂ ಕೇಳಲಿಲ್ಲ.

ಅವಳು ಚಹಾ ಕೊಟ್ಟಳು. ತಟ್ಟೆಯನ್ನು ಒಳಗಿಟ್ಟಳು. ಹಿತ್ತಲ ಬಾಗಿಲಿನಿಂದ ಚಪ್ಪಲಿ ಮೆಟ್ಟಿ ಹೊರಟಳು. ರಸ್ತೆಗೆ ಬಂದು ಆಟೋ ಹತ್ತಿ, ತಾನು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಗೆ ಹೋದಳು. ಹೋಗುವಾಗ ಅವಳಿಗೆ ಭಯವಾಗುತ್ತಿತ್ತು. ಒಬ್ಬಳೇ ಆಸ್ಪತ್ರೆಗೆ ಹೋಗುತ್ತಿದ್ದುದು ಅದೇ ಮೊದಲು.

ಅಲ್ಲಿನ ವೈದ್ಯೆ ಅವಳನ್ನು ಪರೀಕ್ಷಿಸಿ, ಹಿಂದಿನ ಹೆರಿಗೆಯ ವಿವರ ನೋಡಿ, ನಿಧಾನವಾಗಿ ಹೇಳಿದರು.

"ಹೋದ ಸಲ ಮಗು ತಿರುಗಿ ಕುಳಿತಿತ್ತು, ಅದಕ್ಕೆ ಆಪರೇಷನ್ ಬೇಕಾಯಿತು. ನಿಮ್ಮ ತಪ್ಪು ಏನೂ ಇಲ್ಲ. ಈ ಮಗು ತಲೆ ಕೆಳಗೆ ಮಾಡಿದೆ. ಗರ್ಭಕೋಶದ ಹಳೆಯ ಹೊಲಿಗೆ ಕೆಳಗಡೆ ಅಡ್ಡವಾಗಿದೆ. ಆದ್ದರಿಂದ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ನಿಮ್ಮಂಥವರಲ್ಲಿ ಹೆಚ್ಚಿನವರಿಗೆ ಆಗುತ್ತದೆ, ಎಲ್ಲರಿಗೂ ಅಲ್ಲ. ಅಪರೂಪಕ್ಕೆ ಹಳೆಯ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಆಗ ಇಬ್ಬರಿಗೂ ಅಪಾಯ, ತಡ ಮಾಡುವಂತಿಲ್ಲ. ಹಾಗಾಗಿ ನೋವು ಬಂದ ಕೂಡಲೇ ಇಲ್ಲಿಗೇ ಬರಬೇಕು, ಆಪರೇಷನ್‌ಗೆ ಎಲ್ಲ ಸಿದ್ಧವಿರಬೇಕು. ಮೊದಲೇ ಆಪರೇಷನ್ ಎಂದಾದರೆ ದಿನ ಗೊತ್ತಿರುತ್ತದೆ, ಗಡಿಬಿಡಿ ಇರುವುದಿಲ್ಲ. ಆದರೆ ಚೇತರಿಸಿಕೊಳ್ಳಲು ಹೆಚ್ಚು ದಿನ ಬೇಕು. ಮುಂದೆ ಇನ್ನೂ ಮಕ್ಕಳು ಬೇಕೆಂದರೆ ಪ್ರತಿ ಆಪರೇಷನ್‌ಗೂ ತೊಡಕು ಹೆಚ್ಚುತ್ತದೆ. ಈಗ ಹೇಳಿ, ನಿಮಗೆ ಏನು ಬೇಕು?"

ದಾಕ್ಷಾಯಣಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ, "ಆ ಕೊನೆಯದನ್ನು ಇನ್ನೊಂದು ಸಲ ಹೇಳಿ, ಮೇಡಂ," ಎಂದಳು.

"ಮುಂದಿನ ಮಕ್ಕಳ ವಿಷಯವೇ?"

"ಅಲ್ಲ. ನನಗೆ ಏನು ಬೇಕು ಅಂದಿರಲ್ಲ, ಅದು."

ವೈದ್ಯೆ ಇನ್ನೊಂದು ಸಲ ಕೇಳಿದರು. ದಾಕ್ಷಾಯಣಿಯ ಕಣ್ಣು ತುಂಬಿತು. ಅವಳು ಸೆರಗಿನಿಂದ ಒರೆಸಿಕೊಂಡು, "ನಾನು ಪ್ರಯತ್ನ ಮಾಡಿ, ನಡುವೆ ಆಗದೆ ಹೋದರೆ ಸೋತ ಹಾಗಲ್ಲವೇ?" ಎಂದಳು.

"ಇದೇನು ಚುನಾವಣೆಯೇ?" ಎಂದರು ವೈದ್ಯೆ. "ಪ್ರಯತ್ನ ಮಾಡಿ. ನಡುವೆ ನಿಮಗೆ ಬೇಡವೆನಿಸಿದರೆ ಬದಲಾಯಿಸೋಣ. ನನಗೆ ಅಪಾಯ ಕಂಡರೆ ನಾನೇ ಹೇಳುತ್ತೇನೆ."

ಅವಳು ಮನೆಗೆ ಬಂದಾಗ ಸಭೆ ಇನ್ನೂ ಮುಗಿದಿರಲಿಲ್ಲ. ಚಿಕ್ಕಪ್ಪನವರಿಗೆ ಎಚ್ಚರವಾಗಿ, ವಿಷಯವನ್ನು ಮೊದಲಿನಿಂದ ಹೇಳಿ ಎಂದು ಅವರು ಕೇಳಿದ್ದರು. ಅವಳು ಹೋದದ್ದನ್ನಾಗಲಿ ಬಂದದ್ದನ್ನಾಗಲಿ ಯಾರೂ ಗಮನಿಸಿರಲಿಲ್ಲ. ಅವಳು ನಡುಮನೆಯಲ್ಲಿ ನಿಂತು, "ನಾನು ಸಹಜ ಹೆರಿಗೆಗೆ ನೋಡುತ್ತೇನೆ. ಡಾಕ್ಟರು ಬೇಡ ಎಂದರೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ," ಎಂದಳು.

ಅತ್ತೆಗೆ ಮೊದಲ ವಾಕ್ಯ ಮಾತ್ರ ಕೇಳಿಸಿತು. ತಾಯಿಗೆ ಎರಡನೆಯದು ಮಾತ್ರ ಕೇಳಿಸಿತು. ಇಬ್ಬರೂ ತಾವೇ ಗೆದ್ದೆವೆಂದು ಸಂತೋಷದಿಂದ ಅಡುಗೆಮನೆಗೆ ಹೋದರು. ಬೇರೆ ಬೇರೆ ಒಲೆಯ ಮೇಲೆ ಪಾಯಸ ಇಟ್ಟರು. ಬಂಧುಗಳು ಎರಡನ್ನೂ ಕುಡಿದು ಹೋದರು.

ನೋವು ಶುರುವಾದ ಬೆಳಗ್ಗೆ ದಾಕ್ಷಾಯಣಿ ಆಸ್ಪತ್ರೆ ಸೇರಿದಳು. ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಅತ್ತೆ, ಇನ್ನೊಂದು ತುದಿಯಲ್ಲಿ ತಾಯಿ ಕುಳಿತರು. ವ್ಯಾಪಾರಿ ನಡುವೆ ಕುಳಿತ, ಏಕೆಂದರೆ ಬೇರೆ ಜಾಗವಿರಲಿಲ್ಲ. ನರ್ಸ್ ಬಂದು ಎಲ್ಲ ಚೆನ್ನಾಗಿ ನಡೆದಿದೆ ಎಂದಾಗ ಅತ್ತೆ ಪೇಢೆ ಹಂಚತೊಡಗಿದಳು. ಮಗು ಹುಟ್ಟಿದ ಮೇಲೆ ಹಂಚುವುದಲ್ಲವೇ ಎಂದು ಮಗ ಕೇಳಿದ್ದಕ್ಕೆ, "ಇನ್ನೇನು ಹುಟ್ಟಿದ ಹಾಗೆಯೇ," ಎಂದಳು.

ಒಳಗೆ ದಾಕ್ಷಾಯಣಿ ನೋವಿನ ನಡುವೆ ಬೆವರುತ್ತಿದ್ದಳು. ನೋವು ಅವಳು ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಆದರೂ ಅದು ತಾನು ಬೇಡಿ ಪಡೆದ ನೋವು ಎಂದು ಅವಳಿಗೆ ಒಂದು ಬಗೆಯ ಹುಮ್ಮಸ್ಸು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯಿತು. ಏರಿತು. ಮತ್ತೆ ಇಳಿಯಿತು. ವೈದ್ಯೆ ಹೊರಗೆ ಹೋಗಿ ಗಂಡನನ್ನು ಹುಡುಕಲಿಲ್ಲ. ಅವಳ ತಲೆಯ ಬಳಿ ಬಾಗಿ, "ಮಗುವಿಗೆ ಸುಸ್ತಾಗುತ್ತಿದೆ. ಇನ್ನು ಕಾಯುವುದು ನನಗೆ ಸರಿ ಕಾಣುವುದಿಲ್ಲ," ಎಂದರು.

"ಹಾಗಾದರೆ ಕಾಯುವುದು ಬೇಡ. ಆಪರೇಷನ್ ಮಾಡಿ, ಮೇಡಂ," ಎಂದಳು ದಾಕ್ಷಾಯಣಿ.

ಸುದ್ದಿ ಹೊರಗೆ ಬಂತು. ಅತ್ತೆ ಪೇಢೆ ಡಬ್ಬಿಯ ಮುಚ್ಚಳ ಹಾಕಿದಳು. ದಾಕ್ಷಾಯಣಿಯ ತಾಯಿ 'ನಾನು ಅಂದೇ ಹೇಳಿರಲಿಲ್ಲವೇ' ಎನ್ನಲು ಬಾಯಿ ತೆರೆದಳು. ಬೀಗಿತಿಯ ಮುಖ ನೋಡಿ ಬಾಯಿ ಮುಚ್ಚಿದಳು. ಎದ್ದು ಅವಳ ಮಗ್ಗುಲಿಗೆ ಹೋಗಿ ಕುಳಿತಳು. ಇಬ್ಬರೂ ಒಬ್ಬರ ಕೈಯನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರು. ವ್ಯಾಪಾರಿ ಯಾವ ಪಕ್ಷವೂ ನೆನಪಿಲ್ಲದೆ ಅಳುತ್ತಿದ್ದ.

ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಕೂಸು ಇಡೀ ಆಸ್ಪತ್ರೆಗೆ ಕೇಳುವಂತೆ ಕಿರುಚಿತು. ಮತ್ತೆ ಹೆಣ್ಣು. ತಾಯಿ ಮಗಳು ಇಬ್ಬರೂ ಕ್ಷೇಮ.

ಗಂಡ ಒಳಗೆ ಬಂದು ಮಂಚದ ಬಳಿ ತಲೆ ತಗ್ಗಿಸಿ ನಿಂತ. "ಅಷ್ಟು ಕಷ್ಟಪಟ್ಟೆ. ಕೊನೆಗೆ ಆಗಲೇ ಇಲ್ಲವಲ್ಲ," ಎಂದ.

"ಏನು ಆಗಲಿಲ್ಲರೀ? ಮಗು ಆಯಿತಲ್ಲ," ಎಂದಳು ದಾಕ್ಷಾಯಣಿ.

ಮರುದಿನದಿಂದ ಜನ ಬರತೊಡಗಿದರು. ಕೂಸಿನ ಕೆನ್ನೆ ಹಿಂಡಿದರು. ದನಿ ತಗ್ಗಿಸಿ, "ಪಾಪ, ಮತ್ತೆ ಆಪರೇಷನ್ ಅಂತೆ," ಎಂದರು. ಹೊಲಿಗೆ ಅದೇ ಜಾಗದಲ್ಲಿತ್ತು, ನೋವು ಹಿಂದಿನಷ್ಟೇ ಇತ್ತು. ಆದರೆ ಆ ಮಾತು ಈ ಸಲ ಅವಳಿಗೆ ತಗಲಲಿಲ್ಲ. ಅವಳಿಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ಆದ್ದರಿಂದ ಬಂದವರಿಗೆಲ್ಲ, "ದಯವಿಟ್ಟು ಪಾಪ ಅನ್ನಬೇಡಿ, ನಗು ತಡೆಯಲಾಗುವುದಿಲ್ಲ," ಎಂದು ಹೊಟ್ಟೆ ಹಿಡಿದುಕೊಂಡು ಬೇಡಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು.

ಬಸವಂತ ಕೈಮುಗಿದು, "ಕತೆ ಅರ್ಥವಾಯಿತು, ಗುರುಗಳೇ. ಆದರೆ ಈಗ ನಾವು ಯಾವುದನ್ನು ಗಟ್ಟಿ ಮಾಡೋಣ?" ಎಂದು ಕೇಳಿದ.

"ನೀನು 'ನಾವು' ಎಂದೆಯಲ್ಲ, ಬಸವಂತ, ಅದರಲ್ಲಿ ಬಸುರಿ ಯಾರು?" ಎಂದರು ಗುರುಗಳು.