ಬಾಗಿಲು ಹಾಕ್ಕೊಂಡು ಅರೆದ ಸೊಪ್ಪು

ಹೊಳೆದಂಡೆ ಮೇಲೆ ಒಂದು ಗುಡಿಸಲು. ಒಳಗೆ ಬಾಗಿಲು ಹಾಕ್ಕೊಂಡು ನಾಟಿ ವೈದ್ಯ ತಿಪ್ಪಜ್ಜನ ಶಿಷ್ಯ ಮಾದಯ್ಯ ಕಾಮಾಲೆಗೆ ಸೊಪ್ಪು ಅರೀತಿದ್ದ. ಯಾವ ಸೊಪ್ಪು ಅಂತ ಇರುವೆಗೂ ಗೊತ್ತಾಗ್ಬಾರ್ದು, ಅಷ್ಟು ನುಣ್ಣಗೆ.

ಹೊರಗೆ ಕೆಂಚವ್ವ ಕೂತಿದ್ಳು. ಮಡಿಲಲ್ಲಿ ಕಣ್ಣೆಲ್ಲ ಹಳದಿಯಾದ ಮಗಳು. ಐದು ದಿನ ಬೆಳಗ್ಗೆ ಬರ್ಬೇಕು ಅಂತ ಮಾದಯ್ಯನ ಕಟ್ಟಪ್ಪಣೆ. ಆಚೆ ದಡದಿಂದ ಹೊಳೆ ದಾಟ್ಕೊಂಡು ಬಂದಿದ್ದು ಇದು ಮೂರನೇ ದಿನ.

ಅವನು ಉಂಡೆ ಹಿಡ್ಕೊಂಡು ಹೊರಗೆ ಬಂದ.

"ಸ್ವಾಮಿ, ನೀರು ಏರ್ತಾ ಐತೆ. ಸೊಪ್ಪು ಯಾವ್ದು ಹೇಳ್ಬಿಡಿ, ಮನೇಲೇ ಅರ್ದು ಕೊಡ್ತೀನಿ."

"ಹೆಸ್ರು ಹೇಳಿದ್ರೆ ಔಷಧಿ ಕೆಲಸ ಮಾಡಲ್ಲಮ್ಮ."

ಗುರು ತಿಪ್ಪಜ್ಜ ಆಗಷ್ಟೇ ಪರವೂರಿಂದ ಬಂದು ಜಗಲಿ ಮೇಲೆ ಕಾಲು ಚಾಚಿದ್ದ. ಎದ್ದ. ಗೋಡೆ ಪಕ್ಕದ ಒಂದು ಗಿಡ ಬೇರು ಸಮೇತ ಕಿತ್ತ.

"ನೆಲನೆಲ್ಲಿ ಕಣವ್ವ. ಎಲೆ ಅಡೀಲಿ ಸಣ್ಣ ಕಾಯಿ ಸಾಲಾಗಿ ಇರ್ತವೆ, ನೋಡು. ಮಜ್ಜಿಗೇಲಿ ಅರ್ದು ಖಾಲಿ ಹೊಟ್ಟೆಗೆ ಕೊಡು."

ಕೆಂಚವ್ವ ಗಿಡ ನೋಡಿದ್ಳು. ಮಾದಯ್ಯನ್ನ ನೋಡಿದ್ಳು.

"ಇದಾ? ನಮ್ಮ ಬಚ್ಚಲ ಹಿಂದೆ ಕಳೆ ಅಂತ ಕಿತ್ತು ಎಸೀತೀನಲ್ಲಯ್ಯ ಇದನ್ನ! ಇದಕ್ಕಾ ನನ್ನ ಕೂಸನ್ನ ಮೂರು ದಿನ ನೀರಲ್ಲಿ ನೆನೆಸ್ದೆ? ನಿನ್ನ ಬಾಯಿಗೆ ಮಣ್ಣು ಹಾಕ!"

ಮಗಳನ್ನ ಹೆಗಲಿಗೆ ಹಾಕ್ಕೊಂಡು ಹೊಳೆ ಕಡೆ ದಡದಡ ಇಳಿದ್ಳು.

ಮಾದಯ್ಯನಿಗೆ ಮೈಯೆಲ್ಲ ಉರಿ ಹತ್ತಿತು. ಬೈಸ್ಕೊಂಡಿದ್ದಕ್ಕಲ್ಲ.

"ಗುರುಗಳೇ, ಇದ್ಯಾವ ನ್ಯಾಯ? ಏಳು ವರ್ಷ ನಿಮ್ಮ ಪಂಚೆ ಒಗ್ದೆ, ಬೆನ್ನು ತಿಕ್ಕಿದೆ, ಗೊರಕೆ ಸಹಿಸ್ಕೊಂಡೆ. ಆಮೇಲೆ ಈ ಗಿಡ ತೋರಿಸಿದ್ರಿ. ಅವಳಿಗೆ ಒಂದೇ ಉಸಿರಿಗೆ ಹೇಳ್ಬಿಟ್ರಲ್ಲ!"

"ನೀನು ಕೇಳಿದ್ದೇ ಏಳನೇ ವರ್ಷ ಕಣೋ."

"ಇನ್ಮೇಲೆ ನಮ್ಮ ಹತ್ರ ಯಾರು ಬರ್ತಾರೆ?"

"ಯಾರೂ ಬರಲ್ಲ. ಹೋಗು, ಆ ಕೂಸನ್ನ ನೀನು ಹೊತ್ತು ದಾಟಿಸು."

ಮಾದಯ್ಯ ಕೆಳಗೆ ನೋಡಿದ. ಕೆಂಚವ್ವ ಸೀರೆ ಎತ್ತಿ ಕಟ್ಕೊಂಡು ನೀರಿನಂಚಲ್ಲಿ ನಿಂತಿದ್ಳು. ಕೆಂಪು ನೀರು, ಸುಳಿ ಬೇರೆ. ಅವನ ಸಿಟ್ಟೆಲ್ಲ ಜರ್ರನೆ ಇಳೀತು.

"ಗುರುಗಳೇ, ನಂಗೆ ದಾರಿ ಗೊತ್ತಿಲ್ಲ. ಎಲ್ಲಿ ಬಂಡೆಯೋ, ಎಲ್ಲಿ ಗುಂಡಿಯೋ!"

"ಅವಳನ್ನ ಕೇಳು," ಅಂದ ತಿಪ್ಪಜ್ಜ. "ಅವಳು ಹೇಳ್ತಾಳೆ."