ಕೊಕ್ಕರೆಯಪ್ಪನ ಕಟ್ಟಳೆ

ಮಕ್ಕಳೇ, ದಟ್ಟ ಕಾಡಿನ ನಡುವೆ ಒಂದು ಹಳೆಯ ಕೆರೆ. ಒಂದು ಬದಿಗೆ ಮಣ್ಣಿನ ಏರಿ, ಅದರ ಮೂಲೆಯಲ್ಲೊಂದು ಹುಣಸೆಮರ, ಉಳಿದ ಕಡೆ ಜೊಂಡು. ಆ ಜೊಂಡಿನ ನಡುವೆ ಚೆಲುವಿ ಎಂಬ ನೀರುಕೋಳಿ ಗೂಡು ಕಟ್ಟಿ ನಾಲ್ಕು ಮೊಟ್ಟೆ ಇಟ್ಟಿದ್ದಳು. ಸುತ್ತ ನೀರಿರುವ ತನಕ ಮುಂಗುಸಿಯ ಭಯವಿರಲಿಲ್ಲ.

ಆದರೆ ಮಳೆಗಾಲ ಮುಗಿದು ವಾರ ಕಳೆದಿಲ್ಲ, ಕೆರೆ ಇಳಿಯತೊಡಗಿತು. ದಿನಕ್ಕೆ ನಾಲ್ಕು ಬೆರಳು! ಮುಂಗುಸಿ ದಡದಲ್ಲಿ ಕೂತು ಬಾಯಿ ಚಪ್ಪರಿಸುತ್ತಿತ್ತು.

ಪಂಚಾಯಿತಿ ಸೇರಿತು. ಅದರ ಯಜಮಾನ ಕೊಕ್ಕರೆಯಪ್ಪ. ಅವನದೊಂದು ಕಟ್ಟಳೆಯಿತ್ತು. ಕಣ್ಣಾರೆ ಕಂಡವರು ಮಾತ್ರ ಮಾತಾಡಬೇಕು. ಕೇಳಿದ್ದು, ಮೂಸಿದ್ದು, ಮೈಗೆ ತಾಗಿದ್ದು ಯಾವುದಕ್ಕೂ ಅಲ್ಲಿ ಬೆಲೆಯಿಲ್ಲ. ಉದ್ದ ಕಾಲಿನ ಮೇಲೆ ನಿಂತವನಿಗೆ ಎಲ್ಲರಿಗಿಂತ ಹೆಚ್ಚು ಕಾಣುತ್ತಿತ್ತು ನೋಡಿ, ಕಟ್ಟಳೆ ಅವನಿಗೆ ಬಲು ಅನುಕೂಲವಾಗಿತ್ತು!

"ಕಾಡೆಮ್ಮೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಯುವುದನ್ನು ನಾನು ಕಂಡಿದ್ದೇನೆ. ಅವಳೇ ಕಳ್ಳಿ" ಎಂದ ಕೊಕ್ಕರೆಯಪ್ಪ.

"ಹುಟ್ಟಿದಾಗಿನಿಂದ ಕುಡಿಯುತ್ತಿದ್ದೇನೆ, ಆಗೆಲ್ಲ ಇಳಿಯದ ಕೆರೆ ಈಗ ಇಳಿಯುತ್ತದಾ?" ಎಂದಳು ಕಾಡೆಮ್ಮೆ. "ಏರಿಯ ಆಚೆ ಒಂದು ವಾಸನೆ ಬರ್ತಿದೆ..."

"ಕಣ್ಣಾರೆ ಕಂಡೆಯಾ?"

"ಇಲ್ಲ, ಮೂಸಿದೆ."

"ಹಾಗಾದರೆ ಬಾಯಿ ಮುಚ್ಚು!"

ಪಾಪ, ಕಾಡೆಮ್ಮೆಯನ್ನು ಗುಡ್ಡದಾಚೆಗೆ ಓಡಿಸಿದರು. ಮರುದಿನ ಕೆರೆ ಮತ್ತೆ ನಾಲ್ಕು ಬೆರಳು ಇಳಿಯಿತು. "ಬಿಸಿಲು ಕುಡಿಯುತ್ತಿದೆ, ಕಂಡಿದ್ದೇನೆ" ಎಂದ ಕೊಕ್ಕರೆಯಪ್ಪ. ಬಿಸಿಲನ್ನು ಓಡಿಸುವುದು ಹೇಗೆ? ಸಭೆ ಎದ್ದು ಹೋಯಿತು.

ಮಾರನೆಯ ಬೆಳಿಗ್ಗೆ ಗೂಡಿನ ಒಂದು ಪಕ್ಕ ಬರೀ ಕೆಸರು. ಚೆಲುವಿ ಹುಳ ಹೆಕ್ಕಿ ಬರುವಷ್ಟರಲ್ಲಿ ಮುಂಗುಸಿ ಒಂದು ಮೊಟ್ಟೆ ಹೊತ್ತೊಯ್ದಿತ್ತು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಇವರ ಕಟ್ಟಳೆಗಿಷ್ಟು ಬೆಂಕಿ ಹಾಕ! ಇವರು ಕಾಣುವ ತನಕ ಕಾದರೆ ನನ್ನ ಗೂಡಿನಲ್ಲಿ ಏನು ಉಳಿಯುತ್ತದೆ?

ಗೂಡು ಕಾಯಲು ಗಂಡನನ್ನು ಕೂರಿಸಿ ಅವಳು ಹಾವುಮೀನಿನ ಬಳಿ ಹೋದಳು. "ಅಣ್ಣಾ, ಕಂಡದ್ದು ಬೇಡ. ನಿನ್ನ ಮೈಗೆ ಏನು ತಾಗಿತು ಹೇಳು."

"ಹುಣಸೆಮರದ ಮೂಲೆಗೆ ಹೋದರೆ ಯಾರೋ ಬಾಲ ಹಿಡಿದು ಎಳೀತಾರೆ ತಂಗಿ. ಅಲ್ಲಿ ದೆವ್ವವಿದೆ!"

ಏರಿಯ ಬಿಲದಲ್ಲಿದ್ದ ಹೆಗ್ಗಣ, "ಹುಣಸೆ ಬೇರಿನ ಕೆಳಗೆ ಸುಯ್ ಅಂತ ಸದ್ದು ಕಣವ್ವ. ಹಾವಿರಬೇಕು, ನಾನಂತೂ ಆ ಕಡೆ ತಲೆ ಹಾಕಲ್ಲ" ಎಂದಿತು.

ಚೆಲುವಿ ಗುಡ್ಡದಾಚೆಗೂ ಹೋದಳು. "ಆ ಹುಣಸೆಮರದ ಹಿಂದೆ, ಏರಿಯ ಆಚೆ, ಹಸಿ ಮಣ್ಣಿನ ವಾಸನೆ. ಎಲ್ಲೋ ಮಳೆ ಬಂದಿರಬೇಕು ಅಂದುಕೊಂಡೆ" ಎಂದಳು ಕಾಡೆಮ್ಮೆ.

ಚೆಲುವಿ ಯೋಚಿಸಿದಳು. ಎಳೆತ, ಸದ್ದು, ವಾಸನೆ ಮೂರೂ ನಿಜ. ದೆವ್ವ, ಹಾವು, ಮಳೆ ಮಾತ್ರ ಅವರವರ ಊಹೆ. ಊಹೆಗಳನ್ನು ಬದಿಗಿಟ್ಟು ಉಳಿದದ್ದನ್ನು ಜೋಡಿಸಿದಳು. ಒಳಗೆ ಎಳೆತ, ನಡುವೆ ಸದ್ದು, ಆಚೆ ಹಸಿ. ಅಂದರೆ ಏರಿ ತೂತಾಗಿದೆ! ಓಡಿಬಂದು ಪಂಚಾಯಿತಿಯ ಮುಂದೆ ಹೇಳಿದಳು.

"ಯಾರು ಕಂಡರು?" ಎಂದು ಕೇಳಿದ ಕೊಕ್ಕರೆಯಪ್ಪ.

"ಯಾರೂ ಕಂಡಿಲ್ಲ!" ಚೆಲುವಿ ಸಿಡಿದಳು. "ತೂತು ಮಣ್ಣಿನೊಳಗಿದೆ. ನಿಮ್ಮ ಕಾಲು ಇನ್ನೂ ಮೂರು ಮೊಳ ಬೆಳೆದರೂ ಕಾಣದು. ಗೊತ್ತಿದ್ದವರ ಬಾಯಿ ಮುಚ್ಚಿಸಿದಿರಿ. ನನ್ನ ಮೊಟ್ಟೆ ಮುಂಗುಸಿಯ ಪಾಲಾಯಿತು. ನಾಚಿಕೆಯಾಗಲ್ವಾ ನಿಮಗೆ?"

ಸಭೆ ಏರಿಯ ಕಡೆ ನಡೆಯಿತು. ಹೆಗ್ಗಣ ಧೈರ್ಯ ಮಾಡಿ ಬೇರಿನ ಬುಡ ಕೆದಕಿತು. ಹಾವಿಲ್ಲ, ಗೀವಿಲ್ಲ, ಬುಳಬುಳನೆ ನೀರು! ಅದನ್ನು ಮಣ್ಣು ತುಂಬಿ ತುಳಿದು ಮುಚ್ಚುವ ಶಕ್ತಿ ಯಾರಿಗಿದೆ? ಕಾಡೆಮ್ಮೆಗೆ ಮಾತ್ರ.

"ಕಳ್ಳಿ ಅಂದ ಬಾಯೇ ಬಂದು ಕರೆಯಲಿ" ಎಂದು ಕರೆಯಲು ಹೋದವರಿಗೆ ಹೇಳಿ ಕಳಿಸಿದಳು ಕಾಡೆಮ್ಮೆ.

ಕೊಕ್ಕರೆಯಪ್ಪ ತಲೆ ತಗ್ಗಿಸಿ ಗುಡ್ಡ ದಾಟಿದ. "ತಪ್ಪಾಯ್ತು ತಾಯಿ, ಬಾ" ಎಂದ. ಕಾಡೆಮ್ಮೆ ಬಂದು ಮಣ್ಣು ತುಳಿದು ತೂತು ಮುಚ್ಚಿದಳು. ಆಮೇಲೆ ಹೋಗಿ ಚೆಲುವಿಯ ಗೂಡಿನ ಪಕ್ಕದ ಕೆಸರಿನಲ್ಲಿ ಅಡ್ಡ ಮಲಗಿಬಿಟ್ಟಳು. ಮೊಟ್ಟೆಯೊಡೆದು ಮರಿ ಬರುವ ತನಕ ಮುಂಗುಸಿ ಹತ್ತಿರ ಸುಳಿಯಲಿಲ್ಲ.

ಮರಿ ನೋಡಲು ಬಂದ ಕೊಕ್ಕರೆಯಪ್ಪ ಮೆಲ್ಲಗೆ ಕೇಳಿದ: "ಆದರೂ ಚೆಲುವಿ, ನಾನು ಕಂಡದ್ದು ಸುಳ್ಳಲ್ಲವಲ್ಲ?"

"ಸುಳ್ಳಲ್ಲ. ಆದರೆ ನೀವು ಕಂಡಷ್ಟೇ ನಿಜ ಅಂದಿರಲ್ಲ, ಅದಕ್ಕೇ ನಾಲ್ಕಿರಬೇಕಾದಲ್ಲಿ ಮೂರೇ ಮರಿ. ಎಣಿಸಿ, ಕಣ್ಣಾರೆ ನೋಡಿ!"

ನೀತಿ: ತನಗೆ ತಿಳಿದಷ್ಟೇ ಸತ್ಯವೆಂದು ಇತರರ ಬಾಯಿ ಮುಚ್ಚಿಸುವವನು ಎಲ್ಲರಿಗೂ ಕೇಡು ತರುತ್ತಾನೆ, ಎಲ್ಲರ ಅರಿವನ್ನೂ ಕೂಡಿಸಿ ಯೋಚಿಸಿದರೆ ಕಾಣದ್ದೂ ತಿಳಿಯುತ್ತದೆ.