ಬಿಳಿಸೆರಗಿನ ಕೆರೆ

ಬಣ್ಣದಕೊಪ್ಪಕ್ಕೆ ಹೋಗುವವರು ಬಸ್ಸಿನಿಂದ ಇಳಿದ ಕೂಡಲೇ ಮೂಗಿಗೆ ಬಡಿಯುವುದು ಬೆಂದ ಬೇರಿನ ವಾಸನೆ. ಊರ ಮುಂದಿನ ಕೆರೆ ಕಣ್ಣಿಗೆ ಬೀಳುವುದು ಆಮೇಲೆ. ದೊಡ್ಡ ಕೆರೆಯೇನಲ್ಲ. ಏರಿಯ ಮೇಲೆ ನಾಲ್ಕಾರು ಬೇವಿನ ಮರಗಳಿವೆ, ದಂಡೆಯಲ್ಲಿ ಬಟ್ಟೆ ಬಡಿದು ಬಡಿದು ನಡುವೆ ತಗ್ಗುಬಿದ್ದ ಹಾಸುಗಲ್ಲುಗಳಿವೆ. ಬೆಳ್ಳಕ್ಕಿಗಳು ಸಾಲಾಗಿ ಕೂರುವುದರಿಂದ ಇದಕ್ಕೆ ಬಿಳಿಸೆರಗಿನ ಕೆರೆ ಎಂಬ ಹೆಸರು ಬಂತೆಂದು ಕೆಲವರು ಹೇಳುವುದುಂಟು. ಅದೆಲ್ಲ ಬಸ್ಸು ಕಾಯುತ್ತ ಕೂತವರು ಹೊಸೆದ ಮಾತು. ಬೆಳ್ಳಕ್ಕಿ ಯಾವ ಕೆರೆಯಲ್ಲಿಲ್ಲ ಹೇಳಿ! ಅಚ್ಚಿನವರ ಓಣಿಯ ಹಿರಿಯರು ಹೇಳುವುದೇ ಬೇರೆ, ಮತ್ತು ಅದನ್ನು ಅವರು ದನಿ ತಗ್ಗಿಸಿಯೇ ಹೇಳುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಕೈಯಲ್ಲಿದ್ದ ಕಾಲಕ್ಕೆ, ಆ ಓಣಿಯಲ್ಲಿ ಭರಮಪ್ಪನೆಂಬವನಿದ್ದ. ಸೀರೆಗೆ ಮರದ ಅಚ್ಚೊತ್ತುವುದರಲ್ಲಿ ಅವನ ಕೈ ಬಲು ಚಲೋ, ಬಾಯಿ ಮಾತ್ರ ಬಿರುಸು. ಅವನ ಬಾಯಿ ಮುಚ್ಚಿಸುವ ಧೈರ್ಯವಿದ್ದದ್ದು ಮಗಳು ಗಿರೆವ್ವನಿಗೊಬ್ಬಳಿಗೇ. "ಅಪ್ಪಾ, ನೀ ಹಿಂಗ ಒದರಿದ್ರ ಬಣ್ಣ ಹೆದರಿ ಓಡಿಹೋಗ್ತೈತಿ ನೋಡು" ಎಂದು ಅವಳು ನಕ್ಕರೆ ಅವನೂ ನಕ್ಕುಬಿಡುತ್ತಿದ್ದ. ಸೀರೆಯ ಒಡಲು, ಅಂಚು ಅಪ್ಪನ ಪಾಲು. ಸೆರಗು ಮಗಳ ಪಾಲು. ಅದಕ್ಕೆಂದೇ ಅವಳ ಬಳಿ ಬೀಟೆ ಮರದ ಗಿಳಿಯ ಅಚ್ಚೊಂದಿತ್ತು. ಉಳಿದವರೆಲ್ಲ ಅಚ್ಚಿನ ಬೆನ್ನಿಗೆ ಮುಷ್ಟಿಯಿಂದ ಗುದ್ದಿದರೆ ಇವಳು ಅಂಗೈಯ ಬುಡದಿಂದ ಒತ್ತುತ್ತಿದ್ದಳು. ಹಾಗಾಗಿ ಅವಳ ಗಿಳಿಗಳಿಗೆ ಬಾಲ ಗಾಢವಾಗಿಯೂ ಕೊಕ್ಕು ತೆಳುವಾಗಿಯೂ ಬರುತ್ತಿತ್ತು. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕೆಂಪು ಬೇಕಾದ ಕಡೆ ಒತ್ತುವುದು ಬಣ್ಣವನ್ನಲ್ಲ, ಪಟಿಕದ ನೀರನ್ನು. ಒಣಗಿದ ಮೇಲೆ ಅದು ಬಟ್ಟೆಯ ಮೇಲೆ ಕಾಣುವುದೇ ಇಲ್ಲ. ಮಂಜಿಷ್ಠದ ಬೇರು ಹಾಕಿದ ಹಂಡೆಯಲ್ಲಿ ಕುದಿಸಿದಾಗ ಪಟಿಕ ತಾಗಿದ ಕಡೆ ಮಾತ್ರ ಕೆಂಪು ಹಿಡಿಯುತ್ತದೆ, ತಾಗದ ಕಡೆ ತೊಳೆದರೆ ಬಿಳಿ ಉಳಿಯುತ್ತದೆ.

ಒಂದು ವರ್ಷ ದೇಸಾಯರ ವಾಡೆಯಲ್ಲಿ ಮದುವೆ ಕೂಡಿಬಂತು. ಭರಮಪ್ಪನ ಮನೆಯಲ್ಲಿ ಕೆಲಸವೋ ಕೆಲಸ. ಗಿರೆವ್ವ ಹಗಲೆಲ್ಲ ಒತ್ತುಮಣೆಯ ಮುಂದೆ ಕೂತು, ಇಳಿಹೊತ್ತಿಗೆ ಬೆಂದ ಸೀರೆಗಳನ್ನು ಹೊತ್ತು ಕೆರೆಗೆ ಹೋಗುತ್ತಿದ್ದಳು. ಒಂದು ಸಂಜೆ ನೆನೆದು ಭಾರವಾದ ಸೀರೆ ಕಾಲಿಗೆ ಸುತ್ತಿಕೊಂಡು, ಪಾಚಿಗೆ ಜಾರಿ, ನೀರಿಗೆ ಬಿದ್ದವಳು ಜೀವಂತ ಮೇಲೆ ಬರಲಿಲ್ಲ. ಅಚ್ಚಿನವರಲ್ಲಿ ಒಂದು ಪದ್ಧತಿಯಿದೆ. ಕೆಲಸದವರು ತೀರಿಕೊಂಡರೆ, ಅವರ ಕೈಗೆ ಒಗ್ಗಿದ ಅಚ್ಚಿಗೆ ಕಲ್ಲು ಕಟ್ಟಿ ಕೆರೆಗೆ ಬಿಡಬೇಕು. ಬಿಡದಿದ್ದರೆ ಸತ್ತವರು ಮಣೆಯ ಮುಂದಿನಿಂದ ಏಳುವುದಿಲ್ಲ ಎನ್ನುತ್ತಾರೆ. ಭರಮಪ್ಪನಿಗೆ ಇದು ತಿಳಿಯದ್ದಲ್ಲ. ಆದರೆ ಮಗಳ ಬೆರಳಿಗೆ ಸವೆದ ಆ ಹಿಡಿಕೆಯನ್ನು ಕೈಗೆತ್ತಿಕೊಂಡವನಿಗೆ ಅದನ್ನು ನೀರಿಗೆ ಬಿಡಲು ಮನಸ್ಸಾಗಲಿಲ್ಲ. ಗಿಳಿಯನ್ನು ಜಂತಿಯ ಸಂದಿಯಲ್ಲಿ ಬಚ್ಚಿಟ್ಟ. ಬಿರುಕುಬಿಟ್ಟ ಹಳೆಯ ಹೂವಿನ ಅಚ್ಚೊಂದನ್ನು ಅರಿವೆಯಲ್ಲಿ ಸುತ್ತಿ, ಕಲ್ಲು ಕಟ್ಟಿ, ಎಲ್ಲರೆದುರು ನೀರಿಗೆ ಬಿಟ್ಟು ಬಂದ. ಹೆಂಡತಿ ಕಲ್ಲವ್ವನೂ ಅದನ್ನು ಗಿಳಿಯೆಂದೇ ನಂಬಿದಳು.

ಮತ್ತೆ ಕೆಲಸಕ್ಕೆ ಕೂತಾಗ ಒಡಲಿಗೆ ಒತ್ತಿದ, ಅಂಚಿಗೆ ಒತ್ತಿದ, ಸೆರಗಿಗೆ ಮಾತ್ರ ಕೈ ಹೋಗಲಿಲ್ಲ. ಬರಿದಾಗಿಯೇ ಹಂಡೆಗೆ ಹಾಕಿದ. ಕುದಿ ಬಂದ ಮೇಲೆ ಕೋಲಿನಿಂದ ಎತ್ತಿ ನೋಡುತ್ತಾನೆ, ಸೆರಗಿನ ತುಂಬ ಕೆಂಪು ಗಿಳಿಗಳು! ಬಾಲ ಗಾಢ, ಕೊಕ್ಕು ತೆಳು. ಬೇರೆ ಯಾರಾದರೂ ಆಗಿದ್ದರೆ ಹೆದರಿ ಓಟ ಕೀಳುತ್ತಿದ್ದರು. ಭರಮಪ್ಪ ಹಂಡೆಯ ಪಕ್ಕದಲ್ಲೇ ಕುಕ್ಕರಿಸಿ ಹೋ ಎಂದು ಅತ್ತ, ಸಂತೋಷಕ್ಕೆ ಅತ್ತ. ಆಮೇಲೆ ಒಳಗೆ ಹೋಗಿ ಜಂತಿಯಿಂದ ಅಚ್ಚು ತೆಗೆದರೆ ಅದು ಒದ್ದೆಯಾಗಿತ್ತು. ನಾಲಿಗೆಗೆ ತಾಗಿಸಿದ; ಪಟಿಕದ ಒಗರು.

ಅಲ್ಲಿಂದ ಭರಮಪ್ಪ ಬಂದ ಕೆಲಸಕ್ಕೆ ಒಲ್ಲೆ ಎನ್ನಲಿಲ್ಲ. ಹೆಚ್ಚು ಸೀರೆ ಮಾಡಿದರೆ ಮಗಳನ್ನು ಹೆಚ್ಚು ಸಲ ಕಂಡಂತೆ ಅವನಿಗೆ. ಮಟಮಟ ಮಧ್ಯಾಹ್ನ ಬರಿದಾದ ಕೋಣೆಯಿಂದ ಅಂಗೈ ಬಡಿತದ ಮೆತ್ತನೆಯ ಸದ್ದು ಬರುತ್ತಿತ್ತಂತೆ. ಅವಳು ಕೂರುತ್ತಿದ್ದ ಗೋಣಿತಟ್ಟು ಎಷ್ಟು ಬಿಸಿಲಿಗೆ ಹಾಕಿದರೂ ಒಣಗುತ್ತಿರಲಿಲ್ಲವಂತೆ. ಕೂಲಿಯಾಳುಗಳು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಒದರುವ ಭರಮಪ್ಪ ಮೆತ್ತಗಾದ, ಖಾಲಿ ಮಣೆಯ ಜೊತೆ ಮಾತಾಡತೊಡಗಿದ. ಮಗಳ ದುಃಖಕ್ಕೆ ತಲೆ ಕೆಟ್ಟಿದೆ ಎಂದು ಓಣಿಯವರು ಮರುಗಿದರು. ಗಿಳಿಗಳನ್ನು ಅವನೇ ಹೊಸ ಅಚ್ಚು ಕೆತ್ತಿಸಿ ಒತ್ತುತ್ತಾನೆಂದು ಕಲ್ಲವ್ವ ತಿಳಿದಿದ್ದಳು.

ಒಂದು ದಿನ ಕಲ್ಲವ್ವ ತೊಳೆದ ಸೀರೆಗಳನ್ನು ಕೆರೆಯ ಏರಿಯ ಮೇಲೆ ಸಾಲಾಗಿ ಹಾಸಿದಳು. ಹಿಂದಿನ ದಿನಗಳಲ್ಲಿ ಬೆಂದ ಸೀರೆಗಳೂ ಬಣ್ಣ ಕಟ್ಟಲೆಂದು ಅಲ್ಲೇ ಬಿಸಿಲಿಗಿದ್ದವು. ಮೊದಲ ಸೀರೆಯ ಗಿಳಿಗಳು ನೂಲು ಹಿಡಿದಂತೆ ನೆಟ್ಟಗಿದ್ದವು. ಮುಂದಿನದರಲ್ಲಿ ಕೊಂಚ ವಾರೆ. ಅದರ ಮುಂದಿನದರಲ್ಲಿ ಬಾಲವೂ ಮಸುಕು. ಈ ಹೊತ್ತಿನ ಸೆರಗಿನಲ್ಲಂತೂ ಗಿಳಿಗಳು ಅರ್ಧಂಬರ್ಧ ಮೂಡಿ ಒಂದರ ಮೇಲೊಂದು ಬಿದ್ದಿದ್ದವು. ಕೈ ಸೋತವರು, ಕಣ್ಣು ಕತ್ತಲೆ ಬಂದವರು ಒತ್ತಿದ ಅಚ್ಚು ಹೇಗಿರುತ್ತದೆಂದು ಆ ಮನೆಯಲ್ಲಿ ಬಾಳಿದವಳಿಗೆ ಬೇರೆ ಹೇಳಬೇಕೇ? ಅಂಗೈಯ ಬುಡದ ಒತ್ತು ಯಾರದೆಂದೂ ಹೆತ್ತವಳಿಗೆ ತಿಳಿಯಿತು. ಒದ್ದೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಮನೆಗೆ ಬಂದು ಗಂಡನ ಮುಂದೆ ಹರಡಿದಳು. ಅವನು ಜಂತಿಯ ಕಡೆ ನೋಡಿದ. ಮುಚ್ಚಿಡಲಾಗಲಿಲ್ಲ, ನಡೆದದ್ದನ್ನೆಲ್ಲ ಹೇಳಿದ.

"ಮಗಳು ಹೋದಳಂತ ನಾ ಅತ್ತೆ" ಎಂದಳು ಕಲ್ಲವ್ವ. "ಹೋಗಾಕ ನೀವೆಲ್ಲಿ ಬಿಟ್ಟೀರಿ? ಸತ್ತ ಮ್ಯಾಲೂ ನನ್ನ ಕೂಸಿಗೆ ದುಡಿಯೂದು ತಪ್ಪಲಿಲ್ಲಲ್ರೀ."

ಪ್ರತಿ ಸೆರಗನ್ನೂ ಎದೆಗೊತ್ತಿಕೊಂಡು ಅತ್ತವನು, ಅದನ್ನು ಒತ್ತಿದ ಕೈಯನ್ನು ಒಮ್ಮೆಯೂ ನೆನೆದಿರಲಿಲ್ಲ. ಭರಮಪ್ಪ ಗಿಳಿಯ ಅಚ್ಚಿಗೆ ಕಲ್ಲು ಕಟ್ಟಿಕೊಂಡು ಕೆರೆಗೆ ನಡೆದ, ಹಿಂದೆಯೇ ಕಲ್ಲವ್ವ. ಬಿಟ್ಟ ಅಚ್ಚು ಮುಳುಗಿತು. ಮುಳುಗಿದ್ದು, ಕಲ್ಲು ಕಳಚಿಕೊಂಡು, ಮೇಲೆದ್ದು ಅವನ ಕಾಲ ಬಳಿಗೇ ಬಂತು. ಇನ್ನೂ ಬಿಗಿಯಾಗಿ ಕಟ್ಟಿ ಬಿಟ್ಟ. ಮತ್ತೆ ಬಂತು. ಆಗ ಕಲ್ಲವ್ವನೇ, "ಒತ್ತುಮಣಿ ಮುಂದ ಕುಂತವರು ಹಿರ್ಯಾ ಹೇಳೂತನಕ ಎದ್ದಾರೇನ್ರಿ? ಆಕಿಗೆ ಹೇಳ್ರಿ" ಎಂದಳು. ಭರಮಪ್ಪ ಎದೆಮಟ್ಟ ನೀರಿಗಿಳಿದು, ಅಚ್ಚನ್ನು ಎರಡೂ ಕೈಯಲ್ಲಿ ನೀರೊಳಗೆ ಹಿಡಿದು, "ಸಾಕು ನನ್ನವ್ವಾ, ಭಾಳ ಆತು, ಇನ್ನ ಏಳು" ಎಂದ. ಅವನ ಕೈಯ ಮೇಲೆ ಮತ್ತೊಂದು ತಣ್ಣನೆಯ ಕೈ ಇಟ್ಟಂತಾಗಿ, ಮೆಲ್ಲಗೆ ಬಿಟ್ಟಂತಾಯಿತು ಎನ್ನುತ್ತಾರೆ. ಅಚ್ಚು ಮೇಲೆ ಬರಲಿಲ್ಲ. ಮರುದಿನದ ಹಂಡೆಯಿಂದ ಎದ್ದ ಸೀರೆಯನ್ನು ತೊಳೆದಾಗ ಸೆರಗು ಅಚ್ಚ ಬಿಳಿಯಾಗಿಯೇ ಉಳಿಯಿತು. ಆ ಸೆರಗನ್ನು ಗಂಡಹೆಂಡಿರು ಕೆರೆಯ ದಂಡೆಯಲ್ಲಿ ಹಿಡಿದು ನಿಂತದ್ದನ್ನು ಊರೆಲ್ಲ ಕಂಡಿತು, ಕೆರೆಗೆ ಆ ಹೆಸರು ನಿಂತಿತು. ಭರಮಪ್ಪ ಬದುಕಿದ್ದಷ್ಟು ಕಾಲವೂ ಸೆರಗಿಗೆ ಬೇರೆ ಅಚ್ಚು ಮುಟ್ಟಿಸಲಿಲ್ಲ. ಓಣಿಯವರೂ ಅದನ್ನೇ ನಡೆಸಿಕೊಂಡು ಬಂದರು. ಆದರೆ ಮುಪ್ಪಿನಲ್ಲಿ ಕಣ್ಣು ಮಂಜಾದ ಮೇಲೂ, ಸೀರೆ ಬೆಂದಿತೆಂದರೆ ಸಾಕು, ಅವನು ತಡವರಿಸಿಕೊಂಡು ಬಂದು ಸೆರಗಿನ ತುದಿಯನ್ನೇ ಮೊದಲು ಎತ್ತಿಸಿ ನೋಡುತ್ತಿದ್ದನಂತೆ. ಬಿಳಿಯಾಗಿಯೇ ಇರಲಿ ಎಂದು ನೋಡುತ್ತಿದ್ದನೋ, ಒಂದೇ ಒಂದು ಗಿಳಿಯಾದರೂ ಇರಲಿ ಎಂದೋ, ಕಲ್ಲವ್ವ ಕೇಳಲಿಲ್ಲ.

ಇಂದಿಗೂ ಬಣ್ಣದಕೊಪ್ಪದ ಸೀರೆಗೆ ಸೆರಗಿನಲ್ಲಿ ಚಿತ್ತಾರವಿಲ್ಲ. ಪೇಟೆಯಿಂದ ಬಂದವರು ಕೆಲಸ ಅರ್ಧಕ್ಕೇ ನಿಂತಿದೆ ಎಂದು ಮೂಗು ಮುರಿಯುತ್ತಾರೆ. ಬೆಳಗಿನ ಹೊತ್ತು ಓಣಿಗೆ ಹೋದವರಿಗೆ ಇನ್ನೂ ಒಂದು ಕಾಣಸಿಗುತ್ತದೆ. ಹಂಡೆ ಇಳಿಸುವಾಗ ಮನೆಯ ಹಿರಿಯರು ಕೋಲು ಹಾಕಿ ಎತ್ತುವುದು ಸೆರಗಿನ ತುದಿಯನ್ನೇ. ಎತ್ತಿ, ಹಬೆ ಸರಿಯುವ ತನಕ ಕಾದು, ಬಗ್ಗಿ ನೋಡುತ್ತಾರೆ. ಮನೆಯ ಹೆಂಗಸರು ಅಷ್ಟು ಹೊತ್ತು ಅವರ ಮುಖವನ್ನೇ ನೋಡುತ್ತ ನಿಂತಿರುತ್ತಾರೆ.